ಹಳ್ಳದ ಮೀನು ಹಳ್ಳದಲ್ಲೇ ಇರಲಿ: ಮನೆಯಲ್ಲಿ ಮೆಲನ್ ಬಾರ್ಬ್ ಮರಿ ಮಾಡಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ ಗೋಲ್ಡ್ ಫಿಶ್, ಗಪ್ಪಿ, ಮೋಲಿ, ಏಂಜೆಲ್ ಎಲ್ಲವೂ ಯಾರದೋ ತೊಟ್ಟಿಯಲ್ಲಿ ಹುಟ್ಟಿ ಬೆಳೆದವು. ಅವುಗಳನ್ನು ಕೊಂಡರೆ ಯಾವ ಹೊಳೆಗೂ ನಷ್ಟವಿಲ್ಲ. ನಮ್ಮ ಪಶ್ಚಿಮ ಘಟ್ಟದ ಮೀನುಗಳ ಕಥೆ ಹಾಗಲ್ಲ. ಇಲ್ಲಿನ ಬಾರ್ಬ್, ಲೋಚ್‌ಗಳು ಅಂಗಡಿಗೆ ಬಂದಿದ್ದರೆ ಹೆಚ್ಚಿನವು ಹೊಳೆಯಲ್ಲಿ ಬಲೆ ಹಾಕಿ ಹಿಡಿದವೇ ಆಗಿರುತ್ತವೆ.

ಝೀಬ್ರಾ ಲೋಚ್ ಗೊತ್ತಿರಬಹುದು. ಮೈತುಂಬಾ ಸಣ್ಣ ಸಣ್ಣ ಪಟ್ಟೆ, ಮೂತಿಯಲ್ಲಿ ಮೀಸೆ, ಕಲ್ಲಿನ ಸಂದಿಯಲ್ಲಿ ಸುಳಿದಾಡುವ ಮೀನು. ಪ್ರಪಂಚದ ಹವ್ಯಾಸಿಗಳೆಲ್ಲ ಇಷ್ಟಪಟ್ಟು ಸಾಕುತ್ತಾರೆ. ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರು ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್, 1920ರಲ್ಲಿ. ಅವರು ನೋಡಿದ ಮಾದರಿ ಸಿಕ್ಕಿದ್ದು ನಮ್ಮ ಶಿವಮೊಗ್ಗದ ತುಂಗಾ ನದಿಯಲ್ಲಿ. ಇವತ್ತು ಅದೇ ಮೀನು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಇದಕ್ಕೆಲ್ಲ ಅಕ್ವೇರಿಯಂ ಒಂದೇ ಕಾರಣ ಅಂತ ಹೇಳಲಾಗದು. ಮರಳು ತೆಗೆಯುವುದು, ಅಣೆಕಟ್ಟು, ತೋಟದ ಔಷಧಿ ಎಲ್ಲವೂ ಹೊಳೆ ಮೀನಿಗೆ ಕುತ್ತು. ಆದರೆ ಮರಳು ಲಾರಿ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ತೊಟ್ಟಿಗೆ ಎಂಥ ಮೀನು ಬಿಡಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ. ಹೊಳೆ ಮೀನು ಹಿಡಿಯಬೇಡಿ ಅಂತ ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಸಾಕಿದ ಮರಿ ಸುಲಭವಾಗಿ ಸಿಗುವಂತಾದರೆ ಹಿಡಿಯುವ ಕಷ್ಟ ಯಾರಿಗೂ ಬೇಡವಾಗುತ್ತದೆ.

ಯಾವ ಮೀನಿನಿಂದ ಶುರು ಮಾಡುವುದು

ಝೀಬ್ರಾ ಲೋಚ್‌ನಿಂದ ಅಂತೂ ಬೇಡ. ಲೋಚ್‌ಗಳು ಮನೆ ತೊಟ್ಟಿಯಲ್ಲಿ ತಾವಾಗಿ ಮೊಟ್ಟೆ ಇಡುವುದು ಬಹಳ ಅಪರೂಪ. ವ್ಯಾಪಾರಕ್ಕೆ ಮರಿ ಮಾಡಿಸುವವರು ಹಾರ್ಮೋನ್ ಚುಚ್ಚುಮದ್ದು ಕೊಡುತ್ತಾರೆ. ಕಾಟ್ಲಾ, ರೋಹು ಮರಿ ಉತ್ಪಾದನೆಯಲ್ಲಿ ಇದು ದಿನನಿತ್ಯದ ಕೆಲಸ. ಬೆರಳುದ್ದದ ಮೀನಿಗೆ ಸೂಜಿ ಹಾಕುವುದಕ್ಕೆ ಬೇರೆಯೇ ಕೈ ಬೇಕು.

ಮಿಸ್ ಕೇರಳ ಎಂಬ ಕೆಂಪು ಗೆರೆಯ ಚೆಲುವೆಯೂ ಬೇಡ. 2022ರ ತಿದ್ದುಪಡಿಯಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿದೆ. ಯಾವುದೇ ಸ್ಥಳೀಯ ಮೀನು ಸಾಕುವ ಮೊದಲು ಆ ಪರಿಚ್ಛೇದಗಳ ಪಟ್ಟಿ ಒಮ್ಮೆ ನೋಡಿ. ಅನುಮಾನ ಇದ್ದರೆ ಅರಣ್ಯ ಇಲಾಖೆಯಲ್ಲಿ ಕೇಳಿ. ಆಮೇಲೆ ಪೇಚಾಡುವುದಕ್ಕಿಂತ ಅದೇ ವಾಸಿ.

ಮೊದಲು ಕೈ ಕುದುರಿಸಿಕೊಳ್ಳಲು ನನ್ನ ಆಯ್ಕೆ ಮೆಲನ್ ಬಾರ್ಬ್. ಕರ್ನಾಟಕ, ಕೇರಳದ ಘಟ್ಟದ ಹಳ್ಳಗಳ ಮೀನು. 1849ರಲ್ಲಿ ಜೆರ್ಡನ್ ಎಂಬ ಬ್ರಿಟಿಷ್ ಜೀವಿಶಾಸ್ತ್ರಜ್ಞ ಇದನ್ನು ದಾಖಲಿಸಿದರು. ಹೆಸರು ಹಲವು ಸಲ ಬದಲಾಗಿ ಈಗ ಹಾಲುದಾರಿಯಾ ಫ್ಯಾಸಿಯೇಟಾ ಆಗಿದೆ. ಹ್ಯಾಮಿಲ್ಟನ್ ಅವರ ಗಂಗಾ ನದಿ ಮೀನುಗಳ ಪುಸ್ತಕಕ್ಕೆ ಚಿತ್ರ ಬರೆದ ಹಾಲುದಾರ್ ಎಂಬ ಬಂಗಾಳಿ ಹುಡುಗನ ನೆನಪಿಗೆ ಇಟ್ಟ ಹೆಸರದು. ಚಿತ್ರಕಾರನ ಹೆಸರು ಮೀನಿಗೆ ಬಂದಿದ್ದು ನನಗಂತೂ ಬಹಳ ಇಷ್ಟ.

ಈ ಮೀನು ಸದ್ಯಕ್ಕೆ ಅಳಿವಿನ ಪಟ್ಟಿಯಲ್ಲಿ ಇಲ್ಲ. ಹಾಗಿದ್ದಮೇಲೆ ಯಾಕೆ ಇದು ಅಂತ ಕೇಳಬಹುದು. ಕಲಿಯುವಾಗ ತಪ್ಪುಗಳು ಆಗೇ ಆಗುತ್ತವೆ. ಅಪರೂಪದ ಮೀನಿನ ಮೇಲೆ ಪ್ರಯೋಗ ಮಾಡಿ ಅದನ್ನೇ ಕಳೆದುಕೊಳ್ಳುವುದು ಸಂರಕ್ಷಣೆ ಹೇಗಾದೀತು? ಇದು ಆರು ಸೆಂಟಿಮೀಟರ್ ದಾಟದ ಮೀನು, ಜಾಗ ಕಮ್ಮಿ ಸಾಕು. ಇದರಲ್ಲಿ ಪಳಗಿದವರಿಗೆ ಫಿಲಮೆಂಟ್ ಬಾರ್ಬ್ ಮುಂದಿನ ಮೆಟ್ಟಿಲು. ಅದಕ್ಕೆ ತೊಟ್ಟಿ ದೊಡ್ಡದು ಬೇಕು, ಅಷ್ಟೇ.

ತಾಯಿ ಮೀನು ಎಲ್ಲಿಂದ

ನಿಮ್ಮ ತೋಟದ ಕೆಳಗಿನ ಹಳ್ಳದಿಂದ ಅಲ್ಲ. ಅದರಲ್ಲೂ ಮುಂಗಾರಿನ ಮೊದಲ ಮಳೆಗಳಲ್ಲಿ ಅಲ್ಲವೇ ಅಲ್ಲ. ಮಲೆನಾಡಿನಲ್ಲಿ ಅದು ಹತ್ತುಮೀನಿನ ಕಾಲ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುವುದೇ ಮೊಟ್ಟೆ ಇಡಲಿಕ್ಕೆ. ಆಗ ಕೂಣಿಯಲ್ಲಿ (ಮೀನು ಹಿಡಿಯುವ ಬುಟ್ಟಿ) ಸಿಕ್ಕ ಒಂದು ಹೆಣ್ಣಿನ ಜೊತೆ ಆ ವರ್ಷದ ಮರಿಗಳೆಲ್ಲ ಹೋದಂತೆ. ಶೃಂಗೇರಿಯ ಮಠದ ಹೊಳೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಇಂಥ ಮತ್ಸ್ಯಧಾಮಗಳ ಬಗ್ಗೆ ಹೇಳುವುದೇ ಬೇಡ. ಅಲ್ಲಿ ಮಂಡಕ್ಕಿ ಹಾಕಿ ಕೈ ಮುಗಿದು ಬರುವುದಷ್ಟೇ ನಮ್ಮ ಕೆಲಸ.

ಸಾಕಿ ಮರಿ ಮಾಡಿಸುವವರಿಂದಲೇ ಕೊಳ್ಳಿ. ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಇದರ ಅಪ್ಪ ಅಮ್ಮನನ್ನು ತೋರಿಸುತ್ತೀರಾ? ಸಾಕಿದವರು ಖುಷಿಯಿಂದ ತೋರಿಸುತ್ತಾರೆ, ಇಲ್ಲದಿದ್ದರೆ ಫೋಟೋ ಕಳಿಸುತ್ತಾರೆ. ಹಿಡಿದು ತಂದ ಮೀನನ್ನು ನೋಡಿಯೂ ಅಂದಾಜು ಮಾಡಬಹುದು. ಹೊಟ್ಟೆ ಒಳಗೆ ಸೇರಿರುತ್ತದೆ, ರೆಕ್ಕೆ ಹರಿದಿರುತ್ತದೆ, ಒಣ ಆಹಾರ ಹಾಕಿದರೆ ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಒಂದೇ ಚೀಲದಲ್ಲಿ ಎಲ್ಲ ಸೈಜಿನವೂ ಇದ್ದರೂ ಅನುಮಾನಪಡಿ. ತೊಟ್ಟಿಯ ಮರಿಗಳು ಸಾಮಾನ್ಯವಾಗಿ ಒಂದೇ ವಯಸ್ಸಿನವು.

ಹನ್ನೆರಡು ಹದಿನೈದು ಎಳೆಯ ಮೀನು ತನ್ನಿ. ಸಾಧ್ಯವಾದರೆ ಇಬ್ಬರು ಬೇರೆ ಬೇರೆ ಸಾಕಣೆದಾರರಿಂದ, ಆದರೆ ಒಂದೇ ಹೊಳೆ ಮೂಲದ್ದು. ತಂದ ಮೀನನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ಬಿಳಿ ಚುಕ್ಕೆ, ಮೈ ಉಜ್ಜುವುದು, ಎಳೆಎಳೆಯಾದ ಬಿಳಿ ಹಿಕ್ಕೆ ಕಂಡರೆ ಅಲ್ಲೇ ಚಿಕಿತ್ಸೆ ಮಾಡಿ.

ನೀರು: ಅರ್ಧ ಕೆಲಸ ಇಲ್ಲೇ

ಬೆಂಗಳೂರಿನ ಹವ್ಯಾಸಿಗಳು ದುಡ್ಡು ಕೊಟ್ಟು ಆರ್‌ಓ ಮೆಷಿನ್ ಹಾಕಿಸಿಕೊಂಡು ಮಾಡಿಕೊಳ್ಳುವ ನೀರು ನಮಗೆ ಬಾವಿಯಲ್ಲೇ ಇದೆ. ಮೆಲನ್ ಬಾರ್ಬ್ ಮೊಟ್ಟೆಗೆ ಮೆದು ನೀರು (ಲವಣ ಕಮ್ಮಿ ಇರುವ ನೀರು), ಸ್ವಲ್ಪ ಹುಳಿ ಸ್ವಭಾವ ಬೇಕು. ಪಿಹೆಚ್ (ಹುಳಿಯ ಅಳತೆ, 7ಕ್ಕಿಂತ ಕಮ್ಮಿ ಇದ್ದರೆ ಹುಳಿ) 6ರಿಂದ 6.5, ಉಷ್ಣತೆ 24ರಿಂದ 26 ಡಿಗ್ರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ತೆರೆದ ಬಾವಿಗಳ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ, 100 ಪಿಪಿಎಂ ಒಳಗೇ ಇರುತ್ತದೆ. ಶಿಕಾರಿಪುರದಂಥ ಬಯಲಿನ ಕಡೆ ಬೋರ್ ನೀರು ಸಾಮಾನ್ಯವಾಗಿ ಗಡಸು, ಅಲ್ಲಿ ಮಳೆ ನೀರು ಬೆರೆಸಬೇಕಾಗುತ್ತದೆ. ಒಂದು ಟಿಡಿಎಸ್ ಮೀಟರ್, ಒಂದು ಪಿಹೆಚ್ ಕಿಟ್ ಇಟ್ಟುಕೊಳ್ಳಿ. ನಾಲಿಗೆಯ ರುಚಿ ನಂಬಬೇಡಿ.

ಬಾವಿ ನೀರನ್ನು ಸೇದಿ ನೇರ ಸುರಿಯಬಾರದು. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ. ಡ್ರಮ್ಮಿನಲ್ಲಿ ತುಂಬಿ ಒಂದು ದಿನ ಗಾಳಿ ಬಿಡಿ, ಆಮೇಲೆ ಪಿಹೆಚ್ ನೋಡಿ. ಬೋರ್ ನೀರಿನಲ್ಲಿ ಕಬ್ಬಿಣ ಇದ್ದರೆ ಅದೂ ಗಾಳಿ ತಾಗಿ ಕೆಂಪಗೆ ತಳ ಹಿಡಿಯುತ್ತದೆ. ಮೇಲಿನ ತಿಳಿ ಮಾತ್ರ ಬಳಸಿ. ನಗರದ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಹಾಕಿ.

ಇನ್ನು ಅಡಿಕೆ ತೋಟದ ಮನೆಯವರು ಗಮನ ಕೊಡಬೇಕಾದ ವಿಷಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಇರುತ್ತದೆ. ಮೈಲುತುತ್ತದಲ್ಲಿ ಇರುವುದು ತಾಮ್ರ. ಮೀನು ಮರಿಗೆ ತಾಮ್ರ ಕಡು ವಿಷ, ಅದರಲ್ಲೂ ನೀರು ಮೆದುವಾದಷ್ಟೂ ವಿಷ ಜಾಸ್ತಿ. ನಾವು ಮೊಟ್ಟೆಗೆ ಒಳ್ಳೆಯದು ಅಂತ ಆರಿಸಿದ ಮೆದು ನೀರೇ ಇಲ್ಲಿ ನಮಗೆ ತಿರುಗಿ ಬೀಳುತ್ತದೆ. ಔಷಧಿ ಹೊಡೆಯುವ ಹೊತ್ತಿಗೆ ತೋಟದ ಕಪ್ಪಿನ (ಅಡಿಕೆ ಸಾಲಿನ ನಡುವಿನ ಕಾಲುವೆ) ನೀರು, ಹತ್ತಿರದ ಹಂಚಿನ ಮೇಲೆ ಬಿದ್ದ ಮಳೆ ನೀರು ಎರಡೂ ಬೇಡ. ಔಷಧಿ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ತರಬೇಡಿ. ಸ್ಪ್ರೇ ಮಾಡಿ ಬಂದ ಕೈಯನ್ನು ತೊಟ್ಟಿಗೆ ಹಾಕಬೇಡಿ. ಮಳೆ ನೀರು ಹಿಡಿಯುವುದಾದರೆ ಔಷಧಿಗೆ ಮೊದಲೇ, ಒಂದೆರಡು ಜೋರು ಮಳೆ ಹೊಯ್ದು ಮನೆಯ ಮಾಡು ತೊಳೆದ ಮೇಲೆ ಹಿಡಿದಿಡಿ. ಹೊಸ ಜಿಂಕ್ ಶೀಟಿನ ಮಾಡಿನ ನೀರೂ ಒಳ್ಳೆಯದಲ್ಲ.

ಮೆದು ನೀರಿಗೆ ಇನ್ನೊಂದು ದೋಷವಿದೆ. ಅದರಲ್ಲಿ ಹುಳಿಯನ್ನು ತಡೆಯುವ ಶಕ್ತಿ ಇರುವುದಿಲ್ಲ. ಮೀನಿನ ಕೊಳೆ ಸೇರಿದಂತೆ ಪಿಹೆಚ್ ದಿಢೀರ್ ಅಂತ ಕುಸಿಯುತ್ತದೆ. 6ಕ್ಕಿಂತ ಕೆಳಗೆ ಹೋದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ. ದೊಡ್ಡ ಮೀನಿನ ತೊಟ್ಟಿಯಲ್ಲಿ ಒಂದು ಹಿಡಿ ಕಪ್ಪೆಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಟ್ಟರೆ ಸಾಕು. ಮೊಟ್ಟೆ ತೊಟ್ಟಿಗೆ ಮಾತ್ರ ಅದು ಬೇಡ. ಅಲ್ಲಿಗೆ ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡು ಹಾಕಿ. ನೀರು ತೆಳು ಚಹಾ ಬಣ್ಣಕ್ಕೆ ಬರುತ್ತದೆ, ಬೂಸ್ಟು ಸ್ವಲ್ಪ ಹತೋಟಿಯಲ್ಲಿರುತ್ತದೆ.

ತೊಟ್ಟಿಗಳು

ಕನಿಷ್ಠ ಮೂರು ಬೇಕು. ದೊಡ್ಡ ಮೀನಿಗೆ ಮೂರಡಿಯದ್ದು, ಮೊಟ್ಟೆಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು, ಮರಿ ಬೆಳೆಸಲು ಎಷ್ಟು ದೊಡ್ಡದಾದರೆ ಅಷ್ಟು. ಮರಿಗೆ ಸಿಮೆಂಟ್ ತೊಟ್ಟಿ ಕಟ್ಟಿಸಿದರೆ ಹೊಸದರಲ್ಲಿ ಸುಣ್ಣ ಬಿಡುತ್ತದೆ. ನೀರು ತುಂಬಿ, ಬಾಳೆದಿಂಡು ಹೆಚ್ಚಿ ಹಾಕಿ, ವಾರಕ್ಕೊಮ್ಮೆ ಖಾಲಿ ಮಾಡುತ್ತಾ ಎರಡು ಮೂರು ವಾರ ಕಳೆಯಿರಿ. ಪಿಹೆಚ್ ಇಳಿದು ನಿಂತ ಮೇಲೇ ಮೀನು.

ಮೊಟ್ಟೆ ತೊಟ್ಟಿ ಬರೀ ಗಾಜಾಗಿರಲಿ, ಮರಳು ಬೇಡ. ಬಾರ್ಬ್‌ಗಳಿಗೆ ಮೊಟ್ಟೆ ಕಾಯುವ ಅಭ್ಯಾಸ ಇಲ್ಲ. ಇಟ್ಟ ಕೂಡಲೇ ತಿರುಗಿ ತಿನ್ನುತ್ತವೆ. ಅದಕ್ಕೇ ತಳದಲ್ಲಿ ಮಕ್ಕಳಾಡುವ ಗಾಜಿನ ಗೋಲಿಗಳನ್ನು ಎರಡು ಪದರ ಹರಡಿ. ಮೊಟ್ಟೆ ಸಂದಿಗೆ ಇಳಿಯುತ್ತದೆ, ಮೂತಿ ಅಲ್ಲಿಗೆ ಹೋಗುವುದಿಲ್ಲ. ಮೇಲೆ ಜಾವಾ ಮಾಸ್ ಎಂಬ ನೀರುಪಾಚಿ ಒಂದು ಮುದ್ದೆ. ಅದು ಸಿಗದಿದ್ದರೆ ಉಲ್ಲನ್ ದಾರವನ್ನು ಕುದಿಸಿ, ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಂಡು, ಗೊಂಡೆ ಕಟ್ಟಿ ಬಿಡಿ. ಫಿಲ್ಟರ್ ಅಂದರೆ ಸ್ಪಾಂಜ್ ಫಿಲ್ಟರ್ ಮಾತ್ರ. ಅದೂ ಹೊಸದಲ್ಲ. ದೊಡ್ಡ ತೊಟ್ಟಿಯಲ್ಲಿ ಒಂದೂವರೆ ತಿಂಗಳು ಓಡಿ ಬ್ಯಾಕ್ಟೀರಿಯಾ ಹಿಡಿದ ಸ್ಪಾಂಜ್ ತಂದು ಹಾಕಿ.

ಎರಡು ವಾರದ ತಯಾರಿ

ಗಂಡು ಹೆಣ್ಣು ಗುರುತಿಸುವುದು ಕಷ್ಟವಲ್ಲ. ಹೆಣ್ಣು ದೊಡ್ಡದು, ಹೊಟ್ಟೆ ದುಂಡಗೆ, ಬಣ್ಣ ಸಪ್ಪೆ. ಗಂಡು ಸಪೂರ. ಮದಕ್ಕೆ ಬಂದ ಗಂಡಿನ ಜೇನುಬಣ್ಣದ ಮೈ ನೇರಳೆ ಬೆರೆತ ಕೆಂಪಾಗಿ, ಅಡ್ಡ ಪಟ್ಟೆಗಳು ಕಡುಕಪ್ಪಾಗಿ ಎದ್ದು ಕಾಣುತ್ತವೆ. ಎರಡನ್ನೂ ಎರಡು ವಾರ ಬೇರೆ ಬೇರೆ ಇಡಿ.

ಈ ದಿನಗಳಲ್ಲಿ ತಿನ್ನಲು ಜೀವಂತ ಅಥವಾ ಹೆಪ್ಪುಗಟ್ಟಿಸಿದ ಆಹಾರ ಕೊಡಿ. ಸೊಳ್ಳೆ ಮರಿ, ಸಣ್ಣಗೆ ಹೆಚ್ಚಿದ ಎರೆಹುಳ, ಹೆಪ್ಪುಗಟ್ಟಿಸಿದ ಆರ್ಟಿಮಿಯಾ (ಉಪ್ಪುನೀರಿನ ಸಣ್ಣ ಸೀಗಡಿ ಜಾತಿ). ಎರೆಹುಳ ಔಷಧಿ ಬೀಳದ ಜಾಗದ್ದಾಗಿರಲಿ. ಸೊಳ್ಳೆ ಮರಿಗೆ ಅಂತ ಬಕೆಟ್ ಇಟ್ಟು ಮರೆತುಬಿಟ್ಟರೆ ಮೀನಿಗಿಂತ ಮೊದಲು ಮನೆಯವರಿಗೆ ಡೆಂಗಿ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಸೋಸಿ ಖಾಲಿ ಮಾಡಲೇಬೇಕು.

ಮೊಟ್ಟೆ ಇಡಿಸುವುದು

ನಾವು ಮಾಡಬೇಕಾದ್ದು ಮುಂಗಾರಿನ ನಕಲು. ಸಂಜೆ ಮೊಟ್ಟೆ ತೊಟ್ಟಿಗೆ ಅರ್ಧದಿಂದ ಮುಕ್ಕಾಲು ನೀರು ತುಂಬಿ. ಒಂದು ಹೆಣ್ಣು, ಎರಡು ಗಂಡು ಬಿಡಿ. ಕತ್ತಲಾಗುವ ಹೊತ್ತಿಗೆ ಎರಡು ಮೂರು ಡಿಗ್ರಿ ತಣ್ಣಗಿರುವ ಮೆದು ನೀರನ್ನು ತೂತು ಮಾಡಿದ ಪೈಪಿನಲ್ಲಿ ನಿಧಾನವಾಗಿ ಹನಿಸಿ. ಹೊರಗೆ ನಿಜವಾದ ಮಳೆ ಇದ್ದರೆ ಇನ್ನೂ ಒಳ್ಳೆಯದು. ತೊಟ್ಟಿಯ ಮೂರು ಕಡೆ ಪೇಪರ್ ಮುಚ್ಚಿ, ಬೆಳಗಿನ ಬೆಳಕು ಒಂದು ಕಡೆಯಿಂದ ಮಾತ್ರ ಬರಲಿ.

ಹೆಚ್ಚಾಗಿ ಬೆಳಗ್ಗೆಯೇ ಆಟ ಶುರು. ಗಂಡು ಹೆಣ್ಣಿನ ಪಕ್ಕೆಗೆ ಮೂತಿ ತಾಗಿಸುತ್ತಾ ಪಾಚಿಯ ಕಡೆ ಅಟ್ಟುತ್ತದೆ. ಎರಡೂ ಪಕ್ಕಕ್ಕೆ ಪಕ್ಕ ಒತ್ತಿ ನಿಂತು ಒಂದು ಕ್ಷಣ ನಡುಗುತ್ತವೆ. ಆಗ ಒಂದಷ್ಟು ಮೊಟ್ಟೆ ಉದುರುತ್ತದೆ. ಮತ್ತೆ ಅಟ್ಟುವುದು, ಮತ್ತೆ ನಡುಕ. ಹೀಗೆ ಒಂದೆರಡು ಗಂಟೆ ನಡೆಯುತ್ತದೆ. ಹೆಣ್ಣಿನ ಹೊಟ್ಟೆ ಇಳಿದು, ಮೀನುಗಳು ತಲೆ ಕೆಳಗೆ ಮಾಡಿ ಗೋಲಿ ಸಂದಿ ಹುಡುಕಲು ಶುರು ಮಾಡಿದರೆ ಮುಗಿಯಿತು ಅಂತ. ತಕ್ಷಣ ದೊಡ್ಡವನ್ನು ತೆಗೆಯಿರಿ. ಕಾಫಿ ಕುಡಿದು ಬರುತ್ತೇನೆ ಅಂದರೆ ಮೊಟ್ಟೆ ಉಳಿಯುವುದಿಲ್ಲ.

ಎರಡು ಬೆಳಗು ಕಾದರೂ ಆಗಲಿಲ್ಲವೇ? ಮೀನುಗಳನ್ನು ವಾಪಸ್ ಬೇರೆ ಮಾಡಿ, ಒಂದು ವಾರ ತಿನ್ನಿಸಿ ಮತ್ತೆ ನೋಡಿ. ಹೆಣ್ಣನ್ನು ಅಲ್ಲೇ ಬಿಟ್ಟು ಗಂಡುಗಳಿಂದ ಪೀಡಿಸುವುದು ತಪ್ಪು.

ಮೊಟ್ಟೆ ತೊಟ್ಟಿಗೆ ಪೇಪರ್ ಮುಚ್ಚಿ ಕತ್ತಲು ಮಾಡಿ. ಫಲ ಕಟ್ಟಿದ ಮೊಟ್ಟೆ ಪಾರದರ್ಶಕ, ಕಟ್ಟದ್ದು ಸುಣ್ಣದ ಬಿಳಿ. ಬಿಳಿ ಆದದ್ದನ್ನು ಸಣ್ಣ ಪೈಪಿನಲ್ಲಿ ಹೀರಿ ತೆಗೆಯಿರಿ, ಇಲ್ಲದಿದ್ದರೆ ಬೂಸ್ಟು ಪಕ್ಕದ್ದಕ್ಕೂ ಹತ್ತುತ್ತದೆ. ಬಿಳಿ ಜಾಸ್ತಿ ಇದ್ದರೆ ಮಾತ್ರ ತಿಳಿನೀಲಿ ಬರುವಷ್ಟು ಮಿಥಿಲೀನ್ ಬ್ಲೂ (ಬೂಸ್ಟು ತಡೆಯುವ ಔಷಧಿ) ಹಾಕಿ. ಆಗ ಸ್ಪಾಂಜ್ ತೆಗೆದು ಬರೀ ಏರ್ ಸ್ಟೋನ್ ಓಡಿಸಿ.

ಒಂದರಿಂದ ಎರಡು ದಿನಕ್ಕೆ ಒಡೆಯುತ್ತವೆ. ಒಡೆದ ಮರಿ ಅಂದರೆ ಗಾಜಿಗೆ ಅಂಟಿಕೊಂಡ ಎರಡು ಕಪ್ಪು ಕಣ್ಣು, ಒಂದು ಕೂದಲಿನಷ್ಟು ಗೆರೆ. ಹೊಟ್ಟೆಯ ಕೆಳಗಿನ ಹಳದಿ ಚೀಲದಲ್ಲೇ ಊಟ ಇರುತ್ತದೆ. ಇನ್ನೊಂದೆರಡು ದಿನಕ್ಕೆ ಆ ಚೀಲ ಕರಗಿ ಮರಿ ಅಡ್ಡಲಾಗಿ ಈಜುತ್ತದೆ. ಅಲ್ಲಿಯವರೆಗೆ ಏನೂ ಹಾಕಬೇಡಿ.

ಮರಿಯ ಮೊದಲ ಊಟ

ಮೊಟ್ಟೆ ಇಡಿಸುವುದು ಎಲ್ಲರಿಗೂ ಬರುತ್ತದೆ. ಮರಿ ಉಳಿಸುವುದರಲ್ಲೇ ಸೋಲುವುದು. ಕಾರಣ ಒಂದೇ: ಮರಿ ಈಜಲು ಶುರು ಮಾಡಿದ ದಿನ ಊಟ ರೆಡಿ ಇರುವುದಿಲ್ಲ. ಅಂಗಡಿಯ ಪುಡಿ ಎಷ್ಟೇ ನುಣ್ಣಗಿದ್ದರೂ ಈ ಬಾಯಿಗೆ ದೊಡ್ಡದು, ಜೊತೆಗೆ ನೀರು ಕೆಡಿಸುತ್ತದೆ.

ಹಾಗಾಗಿ ಗಂಡು ಹೆಣ್ಣು ಕೂಡಿಸುವ ವಾರದ ಮೊದಲೇ ಇನ್ಫ್ಯೂಸೋರಿಯಾ, ಅಂದರೆ ನೀರಿನ ಸೂಕ್ಷ್ಮಜೀವಿಗಳ, ಕಲ್ಚರ್ ಹಾಕಿ. ದೊಡ್ಡ ಗಾಜಿನ ಬಾಟಲಿಗೆ ಹಳೆಯ ತೊಟ್ಟಿಯ ನೀರು, ಅದರ ಪಾಚಿ ಹಿಂಡಿದ ರಸ, ಒಂದು ತುಂಡು ಒಣ ಬಾಳೆಸಿಪ್ಪೆ ಅಥವಾ ಔಷಧಿ ಹೊಡೆಯದ ಗದ್ದೆಯ ನಾಲ್ಕು ಕಡ್ಡಿ ಹುಲ್ಲು. ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿ ಹತ್ತಿರ ಇಡಿ. ಮೊದಲು ಹಾಲಿನಂತೆ ಮಬ್ಬಾಗಿ ನಾರುತ್ತದೆ, ಮನೆಯಲ್ಲಿ ಬೈಗುಳವೂ ಬೀಳುತ್ತದೆ. ನಾಲ್ಕೈದು ದಿನಕ್ಕೆ ಮಬ್ಬು ತಿಳಿಯಾಗುತ್ತಾ ಬರುತ್ತದೆ. ಆಗ ರಾತ್ರಿ ಟಾರ್ಚ್ ಹಿಡಿದು ನೋಡಿ. ಬಿಳಿ ಚುಕ್ಕೆಗಳು ತಮ್ಮಷ್ಟಕ್ಕೆ ಓಡಾಡುತ್ತಿದ್ದರೆ ಕಲ್ಚರ್ ಆಗಿದೆ. ಇನ್ನೂ ನಾತ ಹೊಡೆಯುತ್ತಿದ್ದರೆ ಹಾಕಬೇಡಿ. ಒಂದೇ ಬಾಟಲಿ ನಂಬಬೇಡಿ, ಎರಡು ದಿನದ ಅಂತರದಲ್ಲಿ ಮೂರು ಹಾಕಿಡಿ.

ದಿನಕ್ಕೆ ಮೂರು ನಾಲ್ಕು ಸಲ ಡ್ರಾಪರಿನಲ್ಲಿ ಹನಿಸಿ. ಐದಾರು ದಿನ ಇದೇ ಊಟ. ಆಮೇಲೆ ಆಗತಾನೇ ಒಡೆದ ಆರ್ಟಿಮಿಯಾ. ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಬಾಟಲಿ ತಲೆಕೆಳಗಾಗಿ ಕಟ್ಟಿ, ತಳದಿಂದ ಜೋರಾಗಿ ಗಾಳಿ, ಮೇಲಿಂದ ಬಲ್ಬಿನ ಬೆಳಕು. 27 ಡಿಗ್ರಿಯಲ್ಲಿ 24ರಿಂದ 36 ಗಂಟೆಗೆ ಒಡೆಯುತ್ತದೆ. ಮಲೆನಾಡಿನ ಮಳೆಗಾಲದ ಚಳಿಗೆ ಅದೇ ಬಲ್ಬ್ ಹತ್ತಿರ ಇಟ್ಟು ಬಿಸಿ ಕೊಡಬೇಕು. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ, ಕೇಸರಿ ಬಣ್ಣದ ಮರಿ ಕೆಳಗೆ. ಕೆಳಗಿನದನ್ನು ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಹತ್ತು ನಿಮಿಷದಲ್ಲಿ ಮೀನು ಮರಿಗಳ ಹೊಟ್ಟೆ ಕೇಸರಿಯಾಗಿ ಕಾಣುತ್ತದೆ. ಕೇಸರಿಯಾಗದ ಮರಿ ಇನ್ನೂ ಚಿಕ್ಕದು ಅಂತ ಲೆಕ್ಕ, ಅವುಗಳಿಗಾಗಿ ಇನ್ಫ್ಯೂಸೋರಿಯಾ ಇನ್ನೆರಡು ದಿನ ಮುಂದುವರಿಸಿ.

ನೀರು ಬದಲಿಸುವುದು ದಿನಾ ಹತ್ತರಲ್ಲಿ ಒಂದು ಪಾಲು, ಏರ್ ಪೈಪಿನಲ್ಲಿ, ಅದೇ ಉಷ್ಣತೆಯ ನೀರು. ಮೂರನೇ ವಾರಕ್ಕೆ ಪುಡಿ ಆಹಾರ ಅಭ್ಯಾಸ ಮಾಡಿಸಿ, ದೊಡ್ಡ ತೊಟ್ಟಿಗೆ ಹಾಕಿ. ಬೆಳೆಯದ ಮರಿಗಳ ಹಿಂದಿನ ಕಾರಣ ಬಹಳ ಸಲ ಒಂದೇ, ಒತ್ತೊತ್ತಾಗಿ ಇಟ್ಟಿರುವುದು.

ಕರೆಂಟ್ ಹೋದಾಗ

ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಅಲ್ವಾ? ಸರಿಯಾಗಿ ನಮ್ಮ ಮರಿ ಕಾಲ ಅದು. ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು. ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಮಾತ್ರ ಅದಕ್ಕೆ ಕೊಡಿ, ಹೀಟರ್ ಕೊಟ್ಟರೆ ಬ್ಯಾಟರಿ ಬೇಗ ಖಾಲಿ. ಕರೆಂಟ್ ಇಲ್ಲದ ದಿನ ಊಟ ಅರ್ಧ ಮಾಡಿ, ತೊಟ್ಟಿಗೆ ಕಂಬಳಿ ಸುತ್ತಿ. ಗಾಳಿ ಇಲ್ಲದೆ ದಿನಗಟ್ಟಲೆ ನಿಂತ ಸ್ಪಾಂಜನ್ನು ತೊಟ್ಟಿ ನೀರಿನಲ್ಲಿ ಹಿಂಡಿ ತೊಳೆದೇ ಮತ್ತೆ ಶುರು ಮಾಡಿ.

ತಳಿ ಕೆಡದಂತೆ

ಮರಿ ಮಾಡಿಸುವುದಕ್ಕೂ ಸಂರಕ್ಷಣೆಗೂ ವ್ಯತ್ಯಾಸ ಬರುವುದು ಇಲ್ಲಿ. ಒಂದೇ ಜೋಡಿಯಿಂದ ನೂರು ಮರಿ ಮಾಡಿ, ಅವುಗಳಲ್ಲೇ ಮತ್ತೆ ಜೋಡಿ ಮಾಡಿದರೆ ಕೆಲವೇ ತಲೆಮಾರಿಗೆ ಸೊಟ್ಟ ಬೆನ್ನು, ಕಮ್ಮಿ ಮೊಟ್ಟೆ ಶುರುವಾಗಬಹುದು. ಸಂರಕ್ಷಣಾ ಶಾಸ್ತ್ರದಲ್ಲಿ 1980ರಿಂದ 50/500 ಎಂಬ ಒಂದು ಅಂದಾಜು ಇದೆ. ಒಳಸಂಬಂಧದ ಕೆಡುಕು ತಡೆಯಲು ಮರಿ ಮಾಡುವ ಕನಿಷ್ಠ 50 ಜೀವಿಗಳು, ದೀರ್ಘಕಾಲಕ್ಕೆ 500. ಒಬ್ಬರ ಮನೆಯಲ್ಲಿ 50 ಇಡುವುದು ಕಷ್ಟ. ಐದು ಮನೆಯವರು ಹತ್ತು ಹತ್ತು ಇಟ್ಟು, ವರ್ಷಕ್ಕೊಮ್ಮೆ ಗಂಡುಗಳನ್ನು ಅದಲುಬದಲು ಮಾಡಿಕೊಂಡರೆ ಆಯಿತು.

ಒಂದು ನೋಟ್‌ಬುಕ್ಕಿನಲ್ಲಿ ಮೀನು ಯಾರಿಂದ ಬಂತು, ಯಾವ ಹೊಳೆಯ ಮೂಲ, ಯಾವ ದಿನ ಮೊಟ್ಟೆ, ಎಷ್ಟು ಉಳಿಯಿತು ಅಂತ ಬರೆದಿಡಿ. ತುಂಗೆಯ ಮೂಲದ್ದನ್ನೂ ಶರಾವತಿ ಮೂಲದ್ದನ್ನೂ ಬೆರೆಸಬೇಡಿ. ಒಂದು ಪೂರ್ವಕ್ಕೆ ಹರಿದು ಕೃಷ್ಣೆ ಸೇರುವ ನೀರು, ಇನ್ನೊಂದು ಪಶ್ಚಿಮಕ್ಕೆ ಕಡಲು ಸೇರುವುದು. ಎರಡರ ಮೀನು ನೋಡಲು ಒಂದೇ ಥರ ಕಂಡರೂ ಎಷ್ಟೋ ಕಾಲದಿಂದ ಬೇರೆ ಬೇರೆ ಬೆಳೆದವು.

ಹೆಚ್ಚಾದ ಮರಿಯನ್ನು ಹೊಳೆಗೆ ಬಿಟ್ಟರೆ ಪುಣ್ಯ ಅಂತ ಅನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. ತೊಟ್ಟಿಯ ರೋಗ, ಬೆರೆತ ತಳಿ ಎರಡೂ ಅದರ ಜೊತೆ ಹೋಗುತ್ತವೆ. ಹೊಳೆಗೆ ಮರಿ ಬಿಡುವುದು ಇಲಾಖೆ, ವಿಜ್ಞಾನಿಗಳು ಪರೀಕ್ಷೆ ಮಾಡಿ ನಿರ್ಧರಿಸುವ ಕೆಲಸ. ಗಾಜು ಕ್ಲೀನ್ ಮಾಡುತ್ತದೆ ಅಂತ ತಂದು, ದೊಡ್ಡದಾದ ಮೇಲೆ ಕೆರೆಗೆ ಬಿಟ್ಟ ಸಕ್ಕರ್ ಫಿಶ್ ದೇಶದ ಎಷ್ಟು ನೀರಿನಲ್ಲಿ ಬೇರೂರಿದೆ ಅಂತ ನೋಡಿದರೆ ಸಾಕು.

ಮಾರುವುದು, ಕೊಡುವುದು

ಎರಡೂವರೆ ಮೂರು ತಿಂಗಳಿಗೆ ಪಟ್ಟೆ ಸ್ಪಷ್ಟವಾಗಿ ಮೂಡಿದ ಮರಿ ಕೊಡಬಹುದು. ಇದನ್ನೇ ಆದಾಯ ಮಾಡಿಕೊಳ್ಳುವ ಆಲೋಚನೆ ಇದ್ದರೆ ತಾಲ್ಲೂಕು ಮೀನುಗಾರಿಕೆ ಕಚೇರಿಗೆ ಹೋಗಿ ವಿಚಾರಿಸಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದಾರೆ. ಅರ್ಜಿ ಯಾವಾಗ, ಈ ವರ್ಷ ಎಷ್ಟು ಘಟಕ ಅಂತ ಅಲ್ಲೇ ಕೇಳಬೇಕು. ಸಾಲ ಮಾಡಿ ದೊಡ್ಡದಾಗಿ ಕಟ್ಟಿಸುವ ಮೊದಲು ಮನೆ ತೊಟ್ಟಿಯಲ್ಲಿ ಎರಡು ಮಳೆಗಾಲ ಮರಿ ತೆಗೆದು ನೋಡಿ ಅನ್ನುವುದು ನನ್ನ ಸಲಹೆ.

ಕಳಿಸುವ ಹಿಂದಿನ ದಿನ ಊಟ ಹಾಕಬೇಡಿ, ಚೀಲದಲ್ಲಿ ಹೊಲಸು ಮಾಡುವುದು ತಪ್ಪುತ್ತದೆ. ಚೀಲದ ಮೂರರಲ್ಲಿ ಒಂದು ಪಾಲು ಅದೇ ತೊಟ್ಟಿಯ ನೀರು, ಉಳಿದ ಎರಡು ಪಾಲು ಆಮ್ಲಜನಕ. ಚೀಲದ ಮೂಲೆಗಳನ್ನು ರಬ್ಬರ್ ಹಾಕಿ ದುಂಡಗೆ ಮಾಡಿ, ಇಲ್ಲದಿದ್ದರೆ ಸಣ್ಣ ಮರಿ ಸಂದಿಗೆ ಸಿಕ್ಕಿ ಸಾಯುತ್ತದೆ. ಬೆಳಗಿನ ಮೊದಲ ಬಸ್ಸಿಗೆ, ಥರ್ಮೋಕೋಲ್ ಡಬ್ಬಿಯಲ್ಲಿ ಕಳಿಸಿ. ಮೇಲೆ ಒಂದು ಚೀಟಿ ಅಂಟಿಸಿ: ಮೀನಿನ ಹೆಸರು, ಹೊಳೆಯ ಮೂಲ, ಹುಟ್ಟಿದ ತಿಂಗಳು, ಸಾಕಿದ ಮರಿ ಎಂಬ ಮಾತು.